ಎರಡು ಗೋಲಿಗಳ ನಡುವಣ ಆಕಾಶ

ಗೋಡೆಯ ಗಡಿಯಾರಕ್ಕೂ ತಮ್ಮ ಕೈಗಡಿಯಾರಕ್ಕೂ ತಾಳೆಯಾಗದಿದ್ದರೆ ಗೋಲಿ ಮೇಷ್ಟ್ರು ಹಿಂದುಮುಂದು ನೋಡದೆ ಕೈಗಡಿಯಾರವನ್ನೇ ತಿದ್ದಿಕೊಳ್ಳುತ್ತಿದ್ದರು. ಗೋಡೆಯದು ಹಿಂದಿನ ದಿನವೇ ನಿಂತುಹೋಗಿದ್ದಿರಬಹುದೆಂಬ ಅನುಮಾನ ಹುಟ್ಟುವ ಹೊತ್ತಿಗೆ ಪ್ರಯೋಗಾಲಯದ ಬಸ್ಸು ಬೀದಿಯ ತಿರುವು ದಾಟಿಯಾಗಿರುತ್ತಿತ್ತು. ಲೋಕದಲ್ಲಿ ಎಲ್ಲಿ ಏನು ಎಡವಟ್ಟಾದರೂ ಅದರ ಮೊದಲ ಆರೋಪಿ ತಾವೇ ಎಂಬುದು ಅವರ ಸ್ವಭಾವದ ಮೂಲಸೂತ್ರ. ಚಿಕ್ಕಂದಿನಲ್ಲಿ ತಾಯಿ ಅಡುಗೆಗೆ ಉಪ್ಪು ಹಾಕಲು ಮರೆತ ದಿನ, ಈ ಮಹಾನುಭಾವರು ತಮಗೇ ನೆಗಡಿಯಾಗಿ ನಾಲಿಗೆ ಕೆಟ್ಟಿದೆಯೆಂದು ತೀರ್ಮಾನಿಸಿ, ತೆಪ್ಪಗೆ ಉಂಡೆದ್ದು ಬಿಸಿನೀರು ಕೇಳುತ್ತಿದ್ದರಂತೆ. ಮಗನನ್ನು ಬೈಯುವ ಸುಖವೇ ತನಗೆ ದಕ್ಕಲಿಲ್ಲ, ಬಾಯಿ ತೆರೆಯುವುದರೊಳಗೆ ಒಪ್ಪಿಕೊಂಡುಬಿಡುತ್ತಿದ್ದ ಎಂದು ಆ ತಾಯಿ ಸೊಸೆಯ ಬಳಿ ದೂರುತ್ತಿದ್ದುದುಂಟು.

ಸೊಸೆಗೆ ಅದು ಹೊಸ ಸುದ್ದಿಯೇನಲ್ಲ. ಮುಖ್ಯರಸ್ತೆಯಲ್ಲಿ ಆಕೆಯದೊಂದು ಕನ್ನಡಕದ ಅಂಗಡಿ. ಅಂಗಡಿಗೆ ಮರಳಿ ಬರುವವರೆಲ್ಲ ಕನ್ನಡಕವನ್ನು ದೂರುತ್ತಾರೆ. ಈ ಒಬ್ಬರು ಮಾತ್ರ, ಹೊಸ ಕನ್ನಡಕ ಕೊಂಡು ತಿಂಗಳಾದ ಮೇಲೆ ಬಂದು, ತಮ್ಮ ಕಣ್ಣು ಯಾಕೋ ಮೊಂಡುಬಿದ್ದಿದೆ, ಅದನ್ನು ಪಳಗಿಸಲು ಏನಾದರೂ ವ್ಯಾಯಾಮವಿದೆಯೇ ಎಂದು ಸಂಕೋಚದಿಂದ ಕೇಳಿದ್ದರು. ಆಕೆ ತೆಗೆದು ನೋಡಿದರೆ ಎಡಗಣ್ಣಿನ ಗಾಜು ಬಲಕ್ಕೆ ಕೂತಿದೆ, ಬಲದ್ದು ಎಡಕ್ಕೆ. ಕೂರಿಸಿದ್ದು ಆಕೆಯೇ. ತಿಂಗಳಿಡೀ ಮೆಟ್ಟಿಲುಗಳಲ್ಲಿ ಮುಗ್ಗರಿಸುತ್ತ, ದೂರದ ಕಂಬಗಳಿಗೂ ದಾರಿ ಬಿಡುತ್ತ, ಯಾರ ಮೇಲೂ ತಪ್ಪು ಹೊರಿಸದೆ ಓಡಾಡಿದ ಆ ಮನುಷ್ಯನನ್ನು ಕಂಡು ಆಕೆಗೆ ಮೊದಲು ನಗು ಬಂತು, ಆಮೇಲೆ ಕರುಳು ಚುರುಕ್ಕೆಂದಿತು. ತಾನು ಅವರನ್ನು ಮದುವೆಯಾದದ್ದು ಆ ಎರಡನೆಯದರ ದೆಸೆಯಿಂದ ಎಂದು ಆಕೆ ಈಗಲೂ ಹೇಳುತ್ತಾರೆ.

ಅವರ ಉದ್ಯೋಗವೂ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಸೂರ್ಯನಿಂದ ಹಗಲಿರುಳೂ ಬೀಸುವ ವಿದ್ಯುತ್ಕಣಗಳ ಗಾಳಿಯನ್ನು ಭೂಮಿಯ ಕಾಂತಶಕ್ತಿ ತಡೆದು ನಿಲ್ಲಿಸಿ, ತನ್ನ ಸುತ್ತ ಒಂದು ಅಗೋಚರವಾದ ಮಹಾವಲಯವನ್ನು ಕಟ್ಟಿಕೊಂಡಿದೆ. ಅದನ್ನು ಕಾಂತಗೋಳ ಎನ್ನುತ್ತಾರೆ. ಆ ಗೋಳದ ಒಡಲಲ್ಲಿ ಹರಿದಾಡುವ ವಿದ್ಯುತ್ ಕ್ಷೇತ್ರಗಳನ್ನು ಅಳೆಯಲು ಮೇಷ್ಟ್ರು ಮಾಡಿದ ಉಪಕರಣವೆಂದರೆ ಸಣ್ಣ ಕಿತ್ತಳೆಯಷ್ಟು ದಪ್ಪದ ಎರಡು ಲೋಹದ ಗೋಲಿಗಳು. ಬುಗುರಿಯ ಹಾಗೆ ತಿರುಗುವ ಉಪಗ್ರಹದಿಂದ ಎರಡು ನೀಳವಾದ ತಂತಿಗಳು ಎದುರುಬದುರಾಗಿ ಚಾಚಿಕೊಳ್ಳುತ್ತವೆ, ಒಂದೊಂದರ ತುದಿಗೆ ಒಂದೊಂದು ಗೋಲಿ, ಆ ಎರಡರ ನಡುವೆ ಎಷ್ಟು ವೋಲ್ಟಿನ ವ್ಯತ್ಯಾಸವಿದೆಯೆಂದು ನೋಡಿದರೆ ಆಕಾಶದ ಗುಟ್ಟು ತಿಳಿಯುತ್ತದೆ. ಕೇಳಲು ಇಷ್ಟೇ. ಆದರೆ ಆ ವ್ಯತ್ಯಾಸ ಎಷ್ಟು ಅಲ್ಪವೆಂದರೆ, ಒಂದು ಗೋಲಿಯ ಮೇಲೆ ಯಾರದೋ ಬೆರಳಿನ ಜಿಡ್ಡು ಸೋಕಿದ್ದರೂ ಸಾಕು, ಅಲ್ಲಿ ಬಿಸಿಲು ಬಿದ್ದಾಗ ಆ ಜಿಡ್ಡೇ ಆಕಾಶಕ್ಕಿಂತ ಜೋರಾಗಿ ಮಾತಾಡತೊಡಗುತ್ತದೆ.

ಹೀಗಾಗಿ ಮೇಷ್ಟ್ರು ತಮ್ಮ ಕೈಗಳನ್ನೇ ನಂಬದವರಾದರು. ಬೂದುಬಣ್ಣದ ಒಂದು ಹಳೆಯ ಕೋಟು ಅವರದು. ಅದರ ಜೇಬುಗಳನ್ನು ದರ್ಜಿಯಿಂದ ಹೊಲಿಸಿ ಮುಚ್ಚಿಸಿದ್ದರು, ಏಕೆಂದರೆ ಜೇಬಿಗೆ ಹೋದ ಕೈ ಏನನ್ನಾದರೂ ಅಂಟಿಸಿಕೊಂಡೇ ಹೊರಬರುತ್ತದೆ. ನೆಲೆ ತಪ್ಪಿದ ಆ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡವು, ಅಲ್ಲೇ ಬೇರುಬಿಟ್ಟವು. ತುಸು ಮುಂದಕ್ಕೆ ಬಾಗಿ, ನೆಲವನ್ನು ಪ್ರಶ್ನೆ ಕೇಳುವವರಂತೆ ನಡೆಯುವ ಆ ನಡಿಗೆಯನ್ನು ಕಂಡೇ ಪ್ರಯೋಗಾಲಯದ ಕಾರ್ಖಾನೆಯ ಹುಡುಗರು ದೂರದಿಂದ ಗುರುತು ಹಿಡಿದು, "ಗೋಲಿ ಬಂತು, ಕೈ ತೊಳೀರಿ" ಎನ್ನುತ್ತಿದ್ದರು. ಮೇಷ್ಟ್ರಿಗೆ ಅದು ಕೇಳಿಸುತ್ತಿತ್ತು, ಮತ್ತು ಹುಡುಗರು ನಿಜವಾಗಿಯೂ ಕೈ ತೊಳೆಯುತ್ತಿದ್ದುದರಿಂದ ಅವರಿಗೆ ಬಹಳ ಸಂತೋಷವಾಗುತ್ತಿತ್ತು.

ಉಪಗ್ರಹ ಹಾರಿತು. ಧ್ರುವದ ಬಳಿ ಅರೋರಾ ಎಂಬ ಬಣ್ಣದ ಬೆಳಕು ಕುಣಿಯುವ ನಾಡುಗಳ ಮೇಲೆ, ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುವಾಗ, ಅದು ಕಳಿಸಿದ ಗೆರೆ ಇದ್ದಕ್ಕಿದ್ದಂತೆ ಜಿಗಿದು ಕಾಗದದ ಅಂಚಿಗೆ ಹೋಗಿ ಬಡಿಯಿತು. ಅಲ್ಲಿ ವಿದ್ಯುತ್ ಕ್ಷೇತ್ರವಿದ್ದರೆ ಅಂಗಳದ ಇಳಿಜಾರಿನಷ್ಟು ಸೌಮ್ಯವಾಗಿರಬೇಕೆಂದು ಎಲ್ಲರೂ ನಂಬಿದ್ದರು. ಗೆರೆ ಹೇಳುತ್ತಿದ್ದುದು ಅದರ ನೂರು ಪಟ್ಟು ಕಡಿದಾದ ಪ್ರಪಾತದ ಮಾತು. ಅದು ನಿಜವಾದರೆ, ಎಲೆಕ್ಟ್ರಾನುಗಳನ್ನು ಮೇಲಿನಿಂದ ಗಾಳಿಯ ಮೇಲೆ ತಳ್ಳಿ ಆಕಾಶಕ್ಕೆ ಬೆಳಕು ಹಚ್ಚುವ ಕೈ ಯಾವುದೆಂದು ಮನುಷ್ಯನಿಗೆ ಮೊದಲ ಬಾರಿ ಗೊತ್ತಾದಂತೆ. ಸುಳ್ಳಾದರೆ, ಒಂದು ಗೋಲಿ ಕೊಳೆಯಾಗಿದೆ.

ಬೇರೆ ಪ್ರಯೋಗಾಲಯಗಳವರು ಗೋಲಿ ಕೊಳೆಯಾಗಿದೆ ಎಂದೇ ಆಡಿಕೊಂಡರು. ಮೇಷ್ಟ್ರು "ಇರಬಹುದು" ಎಂದರು. ನಿರ್ದೇಶಕರು ಬೇಗ ಪ್ರಕಟಿಸಿ ಎಂದು ದುಂಬಾಲು ಬಿದ್ದರು. ಇನ್ನೊಂದು ತಂಡದ ಉಪಗ್ರಹ ಹಾರಲು ಸಿದ್ಧವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಗೆರೆಯನ್ನು ಮೊದಲು ಕಂಡವಳು ಮೇಷ್ಟ್ರ ಶಿಷ್ಯೆ. ಅವಳ ವಿದ್ಯಾರ್ಥಿವೇತನ ಆ ವರ್ಷ ಮುಗಿಯುವುದಿತ್ತು, ಅವಳ ಪದವಿ ಪೂರ್ತಿ ಆ ಒಂದು ಗೆರೆಗೆ ಜೋತುಬಿದ್ದಿತ್ತು. ಮೇಷ್ಟ್ರು ಅವಳನ್ನು ಕೂರಿಸಿಕೊಂಡು, "ನೋಡಮ್ಮಾ, ಮೊದಲು ನನ್ನ ತಪ್ಪು ಹುಡುಕೋಣ" ಎಂದರು, ಮತ್ತು ಇಬ್ಬರೂ ಹುಡುಕುತ್ತ ಕೂತರು.

ಉಪಗ್ರಹ ತಿರುಗುವುದರಿಂದ ಎರಡು ಗೋಲಿಗಳೂ ಎಡೆಬಿಡದೆ ಜಾಗ ಬದಲಿಸಿಕೊಳ್ಳುತ್ತವೆ. ದೋಷ ಒಂದು ಗೋಲಿಯದಾದರೆ ಅದು ಗೋಲಿಯ ಜತೆಗೇ ಸುತ್ತುತ್ತದೆ. ಆಕಾಶದ್ದಾದರೆ ತನ್ನ ದಿಕ್ಕು ಬಿಡದೆ ನಿಲ್ಲುತ್ತದೆ. ಊಟದ ಹೊತ್ತಿನಲ್ಲಿ ಇದನ್ನು ವಿವರಿಸಿದಾಗ, ಒಮ್ಮೆ ಗಾಜುಗಳನ್ನು ಅದಲುಬದಲು ಮಾಡಿ ಗಂಡನನ್ನು ಗಳಿಸಿಕೊಂಡಾಕೆಗೆ ಅರ್ಥವಾಗಲು ತಡವಾಗಲಿಲ್ಲ. ಪ್ರಪಾತ ದಿಕ್ಕು ಬಿಡದೆ ನಿಂತಿತ್ತು. ಆದರೂ ಮೇಷ್ಟ್ರು ನೆರಳನ್ನು ಅನುಮಾನಿಸಿದರು, ತಂತಿಯನ್ನು ಅನುಮಾನಿಸಿದರು, ಬೆಸುಗೆಯನ್ನು ಅನುಮಾನಿಸಿದರು. ಕೊನೆಗೊಂದು ದಿನ ಉಪಗ್ರಹದೊಡನೆ ಹಾರದೆ ನೆಲದಲ್ಲೇ ಉಳಿದಿದ್ದ ಇನ್ನೊಂದು ಜೋಡಿ ಗೋಲಿಗಳನ್ನು ಹೊರಗೆ ತೆಗೆಸಿ, ಬೆನ್ನ ಹಿಂದಿನಿಂದ ಬಲಗೈಯನ್ನು ಬಿಡಿಸಿ ಮುಂದೆ ತಂದು, ಒಂದು ಗೋಲಿಯ ಮೇಲೆ ಬೇಕೆಂದೇ ಹೆಬ್ಬೆಟ್ಟು ಒತ್ತಿದರು. ಅದನ್ನು ಕಂಡ ಶಿಷ್ಯೆಗೆ ಜೀವಮಾನವೆಲ್ಲ ಮಡಿ ಕಾದವರು ಕಣ್ಣೆದುರೇ ಮೈಲಿಗೆಯಾದಂತೆನಿಸಿತಂತೆ. ಗಾಳಿ ತೆಗೆದ ಉಕ್ಕಿನ ತೊಟ್ಟಿಯೊಳಗೆ ಆ ಜೋಡಿಯನ್ನಿಟ್ಟು ಕೃತಕ ಬಿಸಿಲು ಹಾಯಿಸಿದರು. ಹೆಬ್ಬೆಟ್ಟು ಸುಳ್ಳು ಹೇಳಿತು, ನಿಜ. ಆದರೆ ಪ್ರಪಾತದ ಮುಂದೆ ಅದು ಪುಟ್ಟ ಸುಳ್ಳು. "ಇಷ್ಟೇನಾ" ಎಂದು ಮೇಷ್ಟ್ರು ತುಸು ನಿರಾಶೆಯಿಂದಲೇ ಕೇಳಿದರಂತೆ.

ಅಷ್ಟಾದರೂ ಮೇಷ್ಟ್ರು ಪ್ರಬಂಧ ಬರೆಯಲು ಕೂರಲಿಲ್ಲ. ಶಿಷ್ಯೆ ಅಂಗಡಿಗೆ ಬಂದು, ಕನ್ನಡಕ ತೋರಿಸುವ ನೆಪದಲ್ಲಿ ಕೂತು, ಮನೆಗೆ ಏನು ಹೇಳಲಿ ಅಮ್ಮಾ ಎಂದು ಕಣ್ಣೀರಿಟ್ಟು ಹೋದಳು. ಆ ಸಂಜೆ ಮೇಷ್ಟ್ರ ಹೆಂಡತಿ ಗಂಡನೆದುರು ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲಾ ತಪ್ಪೂ ನನ್ನದೇ ಅನ್ನೋದೂ ಒಂಥರಾ ಜಂಬಾನೇ ರೀ. ಅಷ್ಟು ದೊಡ್ಡ ಆಕಾಶ ಏನೋ ಹೇಳ್ತಿದೆ, ನೀವು ನನ್ನ ಹೆಬ್ಬೆಟ್ಟು, ನನ್ನ ಹೆಬ್ಬೆಟ್ಟು ಅಂತ ಮಧ್ಯೆ ಬಾಯಿ ಹಾಕ್ತಿದ್ದೀರಿ. ಅದಕ್ಕೂ ಸ್ವಲ್ಪ ಮಾತಾಡೋಕೆ ಬಿಡಿ."

ಮೇಷ್ಟ್ರು "ಇರಬಹುದು" ಎಂದರು. ಮರುದಿನ ಬೆಳಿಗ್ಗೆ ಪ್ರಬಂಧ ಬರೆಯಲು ಕೂತರು, ಶಿಷ್ಯೆಯ ಹೆಸರನ್ನು ಮೊದಲು ಬರೆದು. ಮುಂದಿನ ವರ್ಷ ಆ ಇನ್ನೊಂದು ಉಪಗ್ರಹ ಹಾರಿ, ಅದೇ ಎತ್ತರದಲ್ಲಿ ಅದೇ ಪ್ರಪಾತವನ್ನು ಕಂಡಿತು. ಆಡಿಕೊಂಡಿದ್ದವರೇ ಈಗ ಶಿಷ್ಯೆಯನ್ನು ಉತ್ತರಧ್ರುವದ ಕಡೆಯ ಒಂದು ಊರಿನ ಸಮ್ಮೇಳನಕ್ಕೆ ಕರೆದರು. ಡಾಕ್ಟರ್ ಎನ್ನಿಸಿಕೊಂಡಿದ್ದ ಅವಳು ವೇದಿಕೆಯ ಮೇಲೆ ನಿಂತು ಮಾತಾಡಿದಳು. ಮೇಷ್ಟ್ರು ಹೆಂಡತಿಯೊಡನೆ ಕೊನೆಯ ಸಾಲಿನಲ್ಲಿ ಕೂತು, ಎಲ್ಲಾದರೂ ತಪ್ಪಿದೆಯೇ ಎಂದು ಕಿವಿಗೊಟ್ಟು ಕೇಳಿದರು.

ಚಳಿಗಾಲದಲ್ಲಿ ಅಲ್ಲಿ ಸಂಜೆಗೇ ಕತ್ತಲು ಕವಿಯುತ್ತದೆ. ಸಭೆ ಮುಗಿದು ಗಂಡಹೆಂಡಿರು ಬಿಡಾರಕ್ಕೆ ನಡೆದು ಬರುತ್ತಿದ್ದಾಗ, ಮನೆಗಳ ಸಾಲು ಮುಗಿದ ಕಡೆ ಆಕಾಶ ಮೆಲ್ಲಗೆ ಹಸಿರಾಯಿತು. ನೋಡನೋಡುತ್ತಿದ್ದಂತೆ ಆ ಹಸಿರು ದಿಗಂತದಿಂದ ನೆತ್ತಿಯವರೆಗೆ ಎದ್ದು, ಮಡಿಕೆ ಮಡಿಕೆಯಾಗಿ ಬಿಚ್ಚಿ, ಸದ್ದೇ ಇಲ್ಲದೆ ಅಲೆಯಾಡತೊಡಗಿತು. ಆಯುಷ್ಯದ ಬಹುಭಾಗವನ್ನು ಆ ಬೆಳಕಿಗೆ ತೆತ್ತ ಮನುಷ್ಯ ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅವರು ಮಾಡಿದ ಮೊದಲ ಕೆಲಸವೆಂದರೆ ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದ್ದು. ಬಟ್ಟೆಯಿಂದ ಗಾಜು ಒರೆಸಬೇಡಿ ಎಂದು ಕಂಡಕಂಡವರನ್ನೆಲ್ಲ ಗದರುತ್ತ ಬಂದ ಆಕೆ ಆ ದಿನ ತುಟಿ ಪಿಟಕ್ಕೆನ್ನಲಿಲ್ಲ. ಅವರು ಹಾಕಿಕೊಂಡು ನೋಡಿದರು, ತೆಗೆದು ಬರಿಗಣ್ಣಲ್ಲಿ ನೋಡಿದರು, ಮತ್ತೆ ಒರೆಸಿದರು.

"ನಿನಗೂ ಕಾಣಿಸ್ತಿದೆಯಾ?"

"ಕಾಣಿಸ್ತಿದೆ ರೀ."

"ಹಸಿರಾ?"

"ಹಸಿರು. ಅಂಚಲ್ಲಿ ಸ್ವಲ್ಪ ಕೆಂಪು."

"ಹಾಗಾದ್ರೆ ಇದು ನನ್ನದಲ್ಲ" ಎಂದರು ಮೇಷ್ಟ್ರು. ಬೆನ್ನ ಹಿಂದಿನ ಗಂಟು ಬಿಟ್ಟ ಎರಡೂ ಕೈಗಳು ಪಕ್ಕದಲ್ಲಿ ಬರಿದೇ ತೆರೆದುಕೊಂಡಿದ್ದವು; ಅವುಗಳ ಮೇಲೂ ಆ ಹಸಿರು ಬಿದ್ದಿತ್ತು.

ಹೀಗೊಂದು ಜಾತಿಯ ಜನರಿದ್ದಾರೆ. ನಾವು ಅವರನ್ನು ಪುಕ್ಕಲರೆನ್ನುತ್ತೇವೆ, ಸಂಶಯದ ಪ್ರಾಣಿಗಳೆನ್ನುತ್ತೇವೆ, ಮುಂದೆ ಬಾರದ ಜನವೆಂದು ಮರುಗುತ್ತೇವೆ. ಉಳಿದ ನಾವೆಲ್ಲ ಲೋಕದಲ್ಲಿ ಕಾಣುವುದರಲ್ಲಿ ಅರ್ಧ ನಮ್ಮದೇ ಬೆರಳಿನ ಗುರುತು. ಅದನ್ನೇ ಕಂಡು ಬೆರಗಾಗುತ್ತೇವೆ, ಅದಕ್ಕೇ ಹೆದರುತ್ತೇವೆ. ತಮ್ಮನ್ನು ತಾವು ಪೂರ್ತಿ ಒರೆಸಿ ತೆಗೆದು, ಆಮೇಲೂ ಎದುರಿಗೆ ಏನೋ ಒಂದು ಉಳಿದಿದೆಯೆಂದು ಕಂಡುಕೊಳ್ಳುವ ಭಾಗ್ಯ ಈ ಜನರದು. ಅಂಥವರು ತಲೆಯೆತ್ತಿ ನೋಡಿದಾಗ, ಅಲ್ಲಿರುವುದು ಆಕಾಶವೇ ಆಗಿರುತ್ತದೆ.