ಗೀಟಿನ ಹೊರಗೆ ಬಿಟ್ಟ ತಗಡು

ಶಿಗ್ಗಾಂವಿಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಗುದ್ಲೆಪ್ಪನವರಿಗೆ ರೈಲಿನ ಹುಚ್ಚು. ಜನ ಹತ್ತಿ ಕೂರುವ ರೈಲಿನದಲ್ಲ, ಮೇಜಿನ ಮೇಲೆ ಓಡುವ ಗೇಣುದ್ದದ ರೈಲಿನದು. ಅದನ್ನು ಯಾರಾದರೂ ಆಟದ ರೈಲು ಅಂದರೆ ಅವರಿಗೆ ಮೈ ಉರಿಯುತ್ತಿತ್ತು. ಮಾದರಿ ರೈಲು ಅನ್ನಬೇಕು. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು, ನಾಲ್ಕು ತಾಲೂಕು ಜಾಲಾಡಿದರೂ ಹಳಿಯ ಅಗಲದ ಬಗ್ಗೆ ಅವರೊಡನೆ ಒಂದು ಜಗಳವನ್ನಾದರೂ ಆಡುವ ಮನುಷ್ಯ ಸಿಕ್ಕಿರಲಿಲ್ಲ. ಹೆಂಡತಿ ದುರಗವ್ವ ಮೊದಮೊದಲು ಕೇಳಿಸಿಕೊಳ್ಳುತ್ತಿದ್ದಳು. ಈಗೀಗ ರೈಲಿನ ಮಾತು ಶುರುವಾಯಿತೆಂದರೆ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು.

ಆರು ವರ್ಷ ಅರ್ಜಿ ಬರೆದ ಮೇಲೆ, 1959ರಲ್ಲಿ, ಶಾಲೆಯ ಕಮಿಟಿ ಕೊನೆಗೂ ಮಣಿಯಿತು. ಮಾದರಿ ರೈಲಿನ ವಿಲಾಯಿತಿ ಮಾಸಪತ್ರಿಕೆ ಒಂದನ್ನು ತರಿಸಬಹುದು, ಆದರೆ ಒಂದೇ ಒಂದನ್ನು. ತಿಂಗಳಿಗೊಮ್ಮೆ ಬಂದು ತಮ್ಮ ಭಾಷೆಯಲ್ಲಿ ಮಾತಾಡುವ ಗೆಳೆಯನೊಬ್ಬ ಸಿಕ್ಕನೆಂದು ಮಾಸ್ತರರು ಹಿರಿಹಿರಿ ಹಿಗ್ಗಿದರು. ಮುಂಬಯಿಯ ಪುಸ್ತಕದ ವ್ಯಾಪಾರಿ ನಮೂನೆಗೆಂದು ಎರಡು ಪತ್ರಿಕೆ ಕಳಿಸಿದ. ಯಾವುದು ಒಳ್ಳೆಯದೆಂದು ಪರೀಕ್ಷಿಸಿ ಮಾಸ್ತರರು ಅಭಿಪ್ರಾಯ ಬರೆದುಕೊಡಬೇಕು.

ಒಂದರದು ಕೆಂಪು ಹೊದಿಕೆ, ಅದರ ಮೇಲೆ ಬಣ್ಣಬಣ್ಣದ ಎಂಜಿನ್ನು, ಒಳಗೆ ನುಣುಪು ಹಾಳೆ. ಇನ್ನೊಂದರದು ಬೂದಿ ಬಣ್ಣದ ಹೊದಿಕೆ, ಹಾಳೆ ಒರಟು, ಚಿತ್ರ ಕಡಿಮೆ. ಆದರೆ ಒಂದೊಂದು ನಕಾಶೆಯೂ ಕೂದಲೆಳೆಯಷ್ಟು ಕರಾರುವಾಕ್ಕು. ಕಮಿಟಿಯ ಚೇರ್ಮನ್ ಹಿರೇಬೆಂಡಿಗೇರಿಯ ಉಳಿವೆಪ್ಪಗೌಡರು ಕೆಂಪಿನದರ ನಾಲ್ಕು ಹಾಳೆ ತಿರುವಿ ಹಾಕಿದರು.

"ಇದನ್ನ ತರಿಸ್ರಿ ಮಾಸ್ತರ. ಓದಿ ಮುಗಿದ ಮ್ಯಾಲ ಚಿತ್ರ ಹರದು ಗ್ವಾಡಿಗೆ ಹಚ್ಚಾಕರ ಬರತಾವು."

ಹೆಡ್‌ಮಾಸ್ತರರು ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿ, ಕೆಂಪಿನದೇ ಭಾರ ಅಂದರು. ಮಾಸ್ತರರು ಮನಸ್ಸಿನಲ್ಲೇ ಹಣೆ ಹಣೆ ಬಡಿದುಕೊಂಡರು. ಪತ್ರಿಕೆಯ ಯೋಗ್ಯತೆ ತಿಳಿಯಬೇಕಾದರೆ ಅದರ ನಕಾಶೆ ಹಿಡಿದು ಒಂದು ರೈಲುಡಬ್ಬಿ ಕಟ್ಟಿ ನೋಡಬೇಕು. ಬೇರೆ ದಾರಿಯೇ ಇಲ್ಲ. ಹಾಗೆಂದು ಗೌಡರ ಮುಖದ ಮೇಲೆಯೇ ಹೇಳಿ ಬಂದರು. ಬೂದಿಯದೇ ಗೆಲ್ಲುತ್ತದೆಂದು ಅವರಿಗೆ ಒಳಗೊಳಗೇ ಖಾತ್ರಿಯಿತ್ತು.

ಕಟ್ಟಲು ಆರಿಸಿದ ಕೈ ಸಣ್ಣದೇನಲ್ಲ. ಸವಣೂರಿನ ಹಸನಸಾಬ ನಲವತ್ತು ವರ್ಷದಿಂದ ತಗಡಿನ ಕೆಲಸ ಮಾಡುತ್ತಿದ್ದ. ಅವನು ಮಾಡಿದ ಕಂದೀಲಿನಲ್ಲಿ ಒಂದು ಹನಿ ಎಣ್ಣೆ ಸೋರಿದ್ದನ್ನು ಕಂಡವರಿಲ್ಲ. ಮಾಸ್ತರರು ಎರಡೂ ಪತ್ರಿಕೆಯಿಂದ ಒಂದೇ ಅಳತೆಯ ಗೂಡ್ಸ್ ಡಬ್ಬಿಯ ನಕಾಶೆಯನ್ನು ಇಂಗ್ಲಿಷ್ ಸೂಚನೆಯ ಸಮೇತ ತೆಳು ಕಾಗದಕ್ಕೆ ಇಳಿಸಿ ಕೊಟ್ಟರು. ಹೇಗೆ ಕತ್ತರಿಸಬೇಕೆಂದು ಮಾತ್ರ ಹೇಳಲಿಲ್ಲ. ತಗಡು ಕತ್ತರಿಸುವುದನ್ನು ಹಸನಸಾಬನಿಗೆ ಹೇಳಿಕೊಡುವಷ್ಟು ಸೊಕ್ಕು ಅವರಿಗಿರಲಿಲ್ಲ.

ವಾರದ ಮೇಲೆ ಡಬ್ಬಿಗಳು ಬಂದವು. ಕೆಂಪಿನದು ಹಳಿಯ ಮೇಲೆ ಇಟ್ಟ ಕೂಡಲೇ ಸರ್ರನೆ ಓಡಿತು. ಬೂದಿಯದು ಹೊಟ್ಟೆ ಉಬ್ಬಿಸಿಕೊಂಡು ಕೂತಿತು. ಚಾವಣಿ ಕೂಡಲಿಲ್ಲ, ಗಾಲಿ ಪಕ್ಕಕ್ಕೆ ಉಜ್ಜಿ ಕಿರ್ರೆಂದಿತು. ಮಾಸ್ತರರಿಗೆ ಅಳು ಬರುವುದೊಂದೇ ಬಾಕಿ. ಆದರೂ ಮನುಷ್ಯ ನಿಯತ್ತಿನವರು. ತಮ್ಮ ಮನಸ್ಸಿಗೆ ವಿರುದ್ಧವಾಗಿ, ಕೆಂಪಿನದೇ ಯೋಗ್ಯವೆಂದು ಸೋಮವಾರ ಅಭಿಪ್ರಾಯ ಬರೆದು ಕೊಟ್ಟರು.

ಕೊಟ್ಟರೇನೋ ನಿಜ, ಮನಸ್ಸು ಒಪ್ಪಲಿಲ್ಲ. ಬೂದಿಯ ನಕಾಶೆಯನ್ನು ಮತ್ತೆ ಅಳೆದರು, ಮಗದೊಮ್ಮೆ ಅಳೆದರು. ಎಳ್ಳಷ್ಟೂ ತಪ್ಪಿಲ್ಲ. ಬುಧವಾರ ಶಾಲೆ ಬಿಟ್ಟದ್ದೇ ತಡ, ಎರಡೂ ಪತ್ರಿಕೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದು ಸವಣೂರಿಗೆ ಹೋದರು.

ಹಸನಸಾಬ ಅಂಗಡಿಯಲ್ಲಿ ಕೂತು ಕಂದೀಲಿಗೆ ತಗಡು ಕತ್ತರಿಸುತ್ತಿದ್ದ. ಮೊಳೆಯಿಂದ ಗೀಟು ಎಳೆದ. ಕತ್ತರಿಯನ್ನು ಗೀಟಿನ ಮೇಲೆ ಇಡದೆ, ಜೋಳದ ಕಾಳಿನಷ್ಟು ಹೊರಗೆ ಸರಿಸಿ ಕತ್ತರಿಸಿದ. ಮಾಸ್ತರರು ಬಗ್ಗಿ ನೋಡಿದರು.

"ಸಾಬರ, ಗೀಟು ಅಲ್ಲೈತಿ, ನೀವು ಇಲ್ಲಿ ಕತ್ತರಿಸಾಕತ್ತೀರಲ್ಲ?"

"ಅಂಚು ಮಡಚಾಕ ಬಿಡಬೇಕಲ್ರಿ ಮಾಸ್ತರ್ರ. ಬಿಡಲಿಲ್ಲಂದ್ರ ಬೆಸಗಿ ಎಲ್ಲಿ ಹಿಡೀತೈತಿ?"

"ನನ್ನ ಡಬ್ಬಿಗೂ ಬಿಟ್ರೇನು?"

"ಎರಡಕ್ಕೂ ಬಿಟ್ಟೇನಿ. ಕೆಲಸ ಅಂದ್ರ ಕೆಲಸ."

ಮಾಸ್ತರರು ಚೀಲದಿಂದ ಬೂದಿಯ ಪತ್ರಿಕೆ ತೆಗೆದು ನಕಾಶೆಯ ಪುಟ ಬಿಚ್ಚಿದರು. ಬೂದಿಯವರು ಮಡಿಕೆಯ ಜಾಗವನ್ನು ನಕಾಶೆಯಲ್ಲೇ ಬಿಟ್ಟಿದ್ದರು. ಹೊರಗೀಟಿನ ಮೇಲೇ ಕತ್ತರಿಸಿ, ಚುಕ್ಕೆಗೀಟಿಗೆ ಮಡಚಿ ಎಂದು ಅಚ್ಚು ಹಾಕಿದ್ದರು. ಅದರ ಹೊರಗೆ ಸಾಬ ಇನ್ನೊಂದು ಮಡಿಕೆ ಬಿಟ್ಟಿದ್ದರಿಂದ ಡಬ್ಬಿ ಉಬ್ಬಿತ್ತು. ಕೆಂಪಿನವರು ಮಡಿಕೆಯನ್ನು ಮರೆತೇಬಿಟ್ಟಿದ್ದರು. ಅವರ ತಪ್ಪನ್ನು ಸಾಬನ ಕತ್ತರಿ ಸದ್ದಿಲ್ಲದೆ ತಿದ್ದಿತ್ತು. ಒಳ್ಳೆಯ ಕೈ ಒಳ್ಳೆಯ ಪತ್ರಿಕೆಯನ್ನು ಕೆಡಿಸಿ, ಕೆಟ್ಟದ್ದರ ಮಾನ ಉಳಿಸಿತ್ತು. ಹೇಳದೆ ಬಿಟ್ಟ ತಪ್ಪು ತಮ್ಮದೇ ಎಂದು ಮಾಸ್ತರರು ಕೈ ಕೈ ಹಿಸುಕಿಕೊಂಡರು.

ವಿಷಯ ತಿಳಿದು ಹಸನಸಾಬನ ಮುಖವೂ ಸಪ್ಪಗಾಯಿತು. "ಇಂಗ್ಲಿಷನ್ಯಾಗ ಬರದದ್ದು ನನಗ ಹ್ಯಾಂಗ ತಿಳೀಬೇಕ್ರಿ? ಇರ್ರಿ, ಎರಡೂ ಹೊಸದು ಮಾಡತೇನಿ," ಎಂದು ಕಂದೀಲನ್ನು ಬದಿಗೆ ಸರಿಸಿದ. ಈ ಸಲ ಪಕ್ಕದಲ್ಲಿ ಕೂತು ಮಾಸ್ತರರು ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳಿದರು, ಸಾಬ ಗೀಟಿನ ಮೇಲೇ ಕತ್ತರಿಸಿದ. ಬೂದಿಯದು ಹೂವಿನಂತೆ ಕೂಡಿತು. ಕೆಂಪಿನದು ಕುಗ್ಗಿ, ಹಳಿಗಿಂತ ಚಿಕ್ಕದಾಯಿತು. ಹಸನಸಾಬ ಬೂದಿಯ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ಬರದಾವ ತಗಡು ಬಲ್ಲಾವ ಅದಾನ್ರಿ," ಅಂದ.

ಮಾಸ್ತರರಿಗೆ ಆ ಮಾತು ಕೇಳಿ ಹೊಟ್ಟೆ ತಣ್ಣಗಾಯಿತು.

ಶನಿವಾರ ಕಮಿಟಿಯ ಮುಂದೆ ನಾಲ್ಕೂ ಡಬ್ಬಿ ಸಾಲಾಗಿ ನಿಂತವು. ಬೇಕಾದರೆ ಕೇಳಲಿ ಎಂದು ಹಸನಸಾಬನನ್ನೂ ಕರೆತಂದು ಹೊರಗೆ ಪಡಸಾಲೆಯಲ್ಲಿ ಕೂರಿಸಿದ್ದರು. ಮಾಸ್ತರರು ತಮ್ಮ ಅಭಿಪ್ರಾಯ ತಪ್ಪೆಂದು ತಾವೇ ಒಪ್ಪಿಕೊಂಡು, ಮೊದಲಿನಿಂದ ಕೊನೆಯತನಕ ಎಲ್ಲವನ್ನೂ ಬಿಡಿಸಿ ಹೇಳಿದರು. ಉಳಿವೆಪ್ಪಗೌಡರು ಮೀಸೆ ತೀಡುತ್ತ ಕೇಳಿದರು.

"ಅಲ್ರೀ ಮಾಸ್ತರ, ಕೆಂಪು ಪುಸ್ತಕ ತಪ್ಪಿದ್ದರೂ ಅದರ ಡಬ್ಬಿ ಛಲೋ ಆತು. ಯಾರಿಂದ?"

"ಸಾಬರ ಕೈಯಿಂದರಿ."

"ಬೂದಿ ಪುಸ್ತಕ ಖರೆ ಇದ್ದರೂ ಅದರ ಡಬ್ಬಿ ಕೆಟ್ಟಿತು. ಯಾರಿಂದ?"

"ಅದೂ ಅವರ ಕೈಯಿಂದನ ಆತ್ರಿ, ಆದ್ರ..."

"ಮತ್ತ ನಡುವ ಪುಸ್ತಕ ಏನು ಮಾಡಿತು?"

ಮಾಸ್ತರರು ಬಾಯಿ ತೆರೆದರು. ಪುಸ್ತಕವಿಲ್ಲದೆ ಅಳತೆ ಎಲ್ಲಿಂದ ಬರಬೇಕು, ಗಾಲಿ ಎಷ್ಟು, ಹಳಿ ಎಷ್ಟು ಎಂದು ಯಾರು ಹೇಳಬೇಕು ಎಂದು ಕೇಳಿದರು.

"ಯಲವಿಗಿ ಸ್ಟೇಶನ್ನು ಏನು ಇಂಗ್ಲೆಂಡಿನ್ಯಾಗ ಐತೇನು? ಸಾಬ ಹೋಗಿ ಖರೆ ಡಬ್ಬೀನ ನೋಡಿ ಬರಲಿ. ಇಂಥಾ ಕೈ ನಮ್ಮ ಮಗ್ಗಲದಾಗ ಇಟಗೊಂಡು ವಿಲಾಯಿತಿ ಪುಸ್ತಕ ಯಾಕ? ಎರಡೂ ಬ್ಯಾಡ. ಆ ರೊಕ್ಕದಾಗ ವಾಚನಾಲಯಕ್ಕ ಎರಡು ಬೆಂಚು ಮಾಡಸ್ರಿ."

ಎಲ್ಲರೂ ತಲೆಯಾಡಿಸಿದರು. ಹೆಡ್‌ಮಾಸ್ತರರು ಠರಾವು ಬರೆದುಕೊಂಡರು. ಮಾಸ್ತರರು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆ ಕೆಂಪು ದರಿದ್ರವಾದರೂ ಬರುತ್ತಿತ್ತು. ಅದರ ತಪ್ಪನ್ನಾದರೂ ತಿಂಗಳು ತಿಂಗಳು ಹುಡುಕುತ್ತ, ಬೈಯುತ್ತ ಕೂರಬಹುದಿತ್ತು. ಆರು ವರ್ಷದ ಅರ್ಜಿ, ಒಂದು ಗಳಿಗೆಯ ನಿಯತ್ತಿಗೆ ಮಣ್ಣುಪಾಲಾಯಿತು. ಗೌಡರ ಮೇಲೂ ಸಿಟ್ಟು, ತಮ್ಮ ಮೇಲೂ ಸಿಟ್ಟು. ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದರು.

ಪಡಸಾಲೆಯಲ್ಲಿ ಹಸನಸಾಬ ಎದ್ದು ನಿಂತ. ಅಂಗಿಯ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಬಿಚ್ಚಿದ. ಬೂದಿಯ ಕೊನೆಯ ಪುಟದಲ್ಲಿ, ಮುಂದಿನ ತಿಂಗಳು ಬರುವುದೆಂದು ಸಣ್ಣದಾಗಿ ಅಚ್ಚಾಗಿದ್ದ ಎಂಜಿನ್ನಿನ ಆಕಾರವನ್ನು ಅವನು ತಾನೇ ಸೀಸದ ಕಡ್ಡಿಯಿಂದ ಎತ್ತಿಕೊಂಡಿದ್ದ.

"ಆ ಪುಸ್ತಕದಾಗ ಇದರ ಅಳತಿ ಕೊಟ್ಟಿರಲಿಲ್ಲ, ಮುಂದಿನ ಪುಸ್ತಕದಾಗ ಕೊಡತಾರ ಕಾಣತೈತಿ," ಅಂದ ಅವನು, ಕಣ್ಣು ಅರಳಿಸಿ. "ತಗಡು ತೆಗೆದು ಇಟ್ಟೇನ್ರಿ ಮಾಸ್ತರ್ರ. ಈ ಸಲ ಗೀಟಿನ ಮ್ಯಾಲ ಕತ್ತರಿಸತೇನಿ. ಯಾವತ್ತ ಬರತೈತ್ರಿ?"