ಹಂಗಾಮಿ ಮಧ್ಯಮ ಸಲಹೆಗಾರ

ಎಂಬತ್ತೆಂಟನೇ ಇಸವಿಯ ಮಾರ್ಚ್ ತಿಂಗಳ ಒಂದು ಶನಿವಾರ, ಡಾಲರುಗಳ ನಾಡಿನ ಬೆರ್ರಿಯೆಸಾದ ತನ್ನ ಮನೆಯ ಊಟದ ಮೇಜಿನ ಮುಂದೆ ಕೂತು, ಮುನಿರಾಜು ಎಂಟುನೂರು ವರ್ಷದ ಹಿಂದೆ ಸತ್ತ ಒಬ್ಬ ಜಪಾನಿನವನ ಬಡ್ತಿಗಾಗಿ ಒದ್ದಾಡುತ್ತಿದ್ದ.

ಕೆಲಸ ಮಗಳದ್ದು. ಏಳನೇ ಕ್ಲಾಸಿನ ವಸುಧಾಳಿಗೆ ಇತಿಹಾಸದ ಟೀಚರು ಚೀಟಿ ಎತ್ತಿಸಿದ್ದರು. ಗೆಳತಿಯರಿಗೆಲ್ಲ ಕತ್ತಿ ಹಿಡಿದ ಯೋಧರು ಬಂದರೆ ಇವಳಿಗೆ ಬಂದವನು ಆಸ್ಥಾನದ ಒಬ್ಬ ದೊಡ್ಡಮನುಷ್ಯ, ಫುಜಿವಾರಾ ವಂಶದ ಸನೆಹಿಸಾ. ಅವನ ಜೀವನವನ್ನು ಚಾರ್ಟಿನ ಮೇಲೆ ಏಣಿಯ ಹಾಗೆ ಬರೆಯಬೇಕು. ಲೈಬ್ರರಿಯ ಪುಸ್ತಕ ಅವಳು ಓದುತ್ತಿದ್ದಳು, ಅಪ್ಪ ಸ್ಕೇಲು ಹಿಡಿದು ಗೆರೆ ಎಳೆಯುತ್ತಿದ್ದ.

"ಏಳನೇ ವರ್ಷಕ್ಕೇ ಆಸ್ಥಾನದಲ್ಲಿ ಐದನೇ ದರ್ಜೆ, ಅದರ ಕೆಳಗಿನ ಮೆಟ್ಟಿಲು."

"ಏನು ಮಾಡಿದ್ದಕ್ಕಮ್ಮ?"

"ನಥಿಂಗ್, ಅಪ್ಪ. ಜಸ್ಟ್ ಫಾರ್ ಬೀಯಿಂಗ್ ಬಾರ್ನ್."

ಇಪ್ಪತ್ತಕ್ಕೆ ಸನೆಹಿಸಾ ಅರಮನೆಯ ಕಾವಲುಪಡೆಯ ಉಪನಾಯಕನಾದ. ಕತ್ತಿ ಸೊಂಟಕ್ಕೆ ಅಲಂಕಾರ, ಒರೆಯಿಂದ ಈಚೆಗೆ ತೆಗೆದದ್ದಿಲ್ಲ. ಆಮೇಲೆ ಏಣಿ ನಿಂತುಹೋಯಿತು. ಸರೀಕರು ಮೇಲೆ ಹೋದರು, ಸರೀಕರ ತಮ್ಮಂದಿರೂ ಹೋದರು. ಇವನು ಪ್ರತಿವರ್ಷ ತನ್ನ ತಾತ, ಮುತ್ತಾತಂದಿರ ಸೇವೆಯನ್ನೆಲ್ಲ ಪಟ್ಟಿ ಮಾಡಿ ಚಕ್ರವರ್ತಿಗೆ ಅರ್ಜಿ ಬರೆಯುತ್ತಿದ್ದ. ಒಟ್ಟು ಹದಿನೇಳು ಅರ್ಜಿ.

"ಉತ್ತರ ಬರ್ತಿತ್ತಂತಾ?" ಮುನಿರಾಜು ಕೇಳಿದ.

"ಬಂದಿದ್ರೆ ಹದಿನೇಳು ಯಾಕೆ ಬರೀತಿದ್ದ ಪಾಪ?" ಅಡಿಗೆಮನೆಯಿಂದ ಹೆಂಡತಿ ಪ್ರಭಾ ಅಂದಳು.

ಐವತ್ತೊಂದಕ್ಕೆ ಅಂತೂ ಒಂದು ಪದವಿ ಬಂತು: ಹಂಗಾಮಿ ಮಧ್ಯಮ ಸಲಹೆಗಾರ. ಹಂಗಾಮಿ ಎಂಬ ಬಾಲ ಉದುರಲೇ ಇಲ್ಲ. ಏಳು ವರ್ಷ ಕಾದು, ಕೊನೆಗೆ ಆ ಪದವಿಗೆ ರಾಜೀನಾಮೆ ಕೊಟ್ಟ. ಅದಕ್ಕೆ ಬದಲಾಗಿ ಮಗನಿಗೆ ಒಂದು ಮೆಟ್ಟಿಲು ಕೇಳಿದ. ಅಂಥದ್ದೊಂದು ಪದ್ಧತಿ ಅಲ್ಲಿತ್ತಂತೆ. ಮಗನಿಗೆ ಸಿಕ್ಕಿತು, ಅಪ್ಪ ತಲೆ ಬೋಳಿಸಿಕೊಂಡು ಸನ್ಯಾಸಿಯಾದ.

"ಏಳು ವರ್ಷ ಹಂಗಾಮಿ! ನಾನೇ ವಾಸಿ," ಅಂದ ಮುನಿರಾಜು.

"ನಿಮ್ದಿನ್ನೂ ಐದೇ ತಾನೆ, ಆತುರ ಯಾಕೆ?" ಅಂದಳು ಪ್ರಭಾ.

ಮಾತು ಚುಚ್ಚಿತು. ಮುನಿರಾಜು ಅಲ್ಲಿನ ಕಡಲಕೊಲ್ಲಿಯ ಸುತ್ತಲಿನ ಊರುಗಳ ಕನ್ನಡ ಬಳಗಕ್ಕೆ ಐದು ವರ್ಷದಿಂದ ಉಪಾಧ್ಯಕ್ಷ. ಬಳಗದಲ್ಲಿ ಡಾಕ್ಟರುಗಳು, ಪಿಎಚ್‌ಡಿಗಳು ತುಂಬಿದ್ದರು. ಇವನದು ಹೊಸಕೋಟೆ ಕಡೆಯ ಹಳ್ಳಿ, ಓದಿದ್ದು ಡಿಪ್ಲೊಮಾ, ಕೆಲಸ ಸಾಂಟಾ ಕ್ಲಾರಾದ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಪಂಪು ರಿಪೇರಿ. ಆದರೂ ಇವನಿಲ್ಲದೆ ಬಳಗದ ಒಂದು ದೀಪವೂ ಹತ್ತುತ್ತಿರಲಿಲ್ಲ. ಯಾಕೆಂದರೆ ಇವನ ಹತ್ತಿರ ಒಂದು ಪುಸ್ತಕವಿತ್ತು. ಯಾವ ಹಬ್ಬಕ್ಕೆ ಯಾರು ದೀಪ ಹಚ್ಚಿದರು, ಶಾಲು ಯಾರಿಗೆ ಮೊದಲು ಹೊದಿಸಿದರು, ವಂದನಾರ್ಪಣೆಯಲ್ಲಿ ಯಾರ ಹೆಸರು ಬಿಟ್ಟುಹೋಗಿ ಅವರು ಎಷ್ಟು ತಿಂಗಳು ಮುನಿಸಿಕೊಂಡರು, ಎಲ್ಲ ಅದರಲ್ಲಿತ್ತು. ಕಾರ್ಯಕ್ರಮದ ಹಿಂದಿನ ದಿನ ಫೋನು ಬರುತ್ತಿತ್ತು. "ಮುನಿರಾಜು, ಹೋದ್ಸಲ ಹಾರ ಮೊದ್ಲು ಯಾರಿಗೆ ಹಾಕಿದ್ವಿ?" ಇವನು ಪುಟ ತಿರುವಿ ತೀರ್ಪು ಕೊಡುತ್ತಿದ್ದ. ಪಂಪು ಸರಿಮಾಡಿದಾಗ ಸಿಗದ ಸುಖ ಅದರಲ್ಲಿತ್ತು.

ಆದ್ದರಿಂದ ಸನೆಹಿಸಾ ಕೂಡ ಮೂವತ್ತಾರು ವರ್ಷ ದಿನಚರಿ ಬರೆದಿದ್ದ, ಮೆರವಣಿಗೆಯಲ್ಲಿ ಯಾರ ಹಿಂದೆ ಯಾರು, ಯಾವ ಬಣ್ಣದ ನಿಲುವಂಗಿ, ಎಡಗಾಲು ಮೊದಲೋ ಬಲಗಾಲೋ ಎಂದು ದಾಖಲಿಸಿದ್ದ ಎಂದು ಮಗಳು ಓದಿದಾಗ ಮುನಿರಾಜುವಿಗೆ ಒಡಹುಟ್ಟಿದ ಅಣ್ಣನೇ ಸಿಕ್ಕಂತಾಯಿತು.

"ಅಪ್ಪ, ಇದು ವಿಯರ್ಡ್. ಒಂದು ವರ್ಷದ ಡೈರೀಲಿ ಒಂದು ಹಾಳೆ ಇಲ್ಲ. ಮೇ ಬಿ ವರ್ಮ್ಸ್ ಅಂತೆ. ನೋಬಡಿ ನೋಸ್."

ಮುನಿರಾಜು ಗಟ್ಟಿಯಾಗಿ ನಕ್ಕ. "ಹುಳು ಅಷ್ಟು ನೀಟಾಗಿ ತಿನ್ನುತ್ತಾ? ಅವನೇ ಕತ್ತರಿಸಿರೋದು. ತಾನು ಬರೆದಿದ್ದು ತನ್ನ ಕಾಲಿಗೇ ತೊಡರ್ಕೊಂಡಿರ್ಬೇಕು. ಬರ್ಕೋ."

"ಐ ನೀಡ್ ಅ ಸೋರ್ಸ್, ಅಪ್ಪ."

"ನಾನೇ ಸೋರ್ಸು."

ಮಧ್ಯಾಹ್ನ ಊಟವಾದ ಮೇಲೆ ತನ್ನ ಪುಸ್ತಕ ತೆಗೆದ. ಮರುದಿನ ಯೂನಿಯನ್ ಸಿಟಿಯಲ್ಲಿ ಬಳಗದ ವಾರ್ಷಿಕ ಸಭೆ. ಅಧ್ಯಕ್ಷ ತಿರುಮಲೇಶ ಇಳಿಯುತ್ತಿದ್ದರು. ಎಂಟು ತಿಂಗಳ ಹಿಂದಷ್ಟೇ ಬಂದಿದ್ದ ಶ್ರೀಕಂಠ ಎಂಬ ಪಿಎಚ್‌ಡಿಯ ಹೆಸರು ಕೇಳಿಬರುತ್ತಿತ್ತು. ಉಪಾಧ್ಯಕ್ಷನೇ ಅಧ್ಯಕ್ಷನಾಗುವುದು ಬಳಗದ ಪದ್ಧತಿ ಎಂದು ಆಧಾರ ಸಮೇತ ತೋರಿಸುವುದು ಮುನಿರಾಜುವಿನ ಉಪಾಯ. ಎಪ್ಪತ್ತೊಂಬತ್ತು, ಸರಿ. ಎಂಬತ್ತು, ಸರಿ. ಎಂಬತ್ತೊಂದು, ಸರಿ.

ಎಂಬತ್ತೆರಡರ ಪುಟದಲ್ಲಿ ಅವನದೇ ಗುಂಡು ಅಕ್ಷರ: 'ಉಪಾಧ್ಯಕ್ಷ ವೀರಣ್ಣನವರು ಅಂಗಡಿ ನಡೆಸುವವರಾದ್ದರಿಂದ, ಅಧ್ಯಕ್ಷ ಸ್ಥಾನಕ್ಕೆ ಉನ್ನತ ವಿದ್ಯಾಭ್ಯಾಸ ಉಳ್ಳವರೇ ಶೋಭೆ ಎಂದು ತೀರ್ಮಾನಿಸಿ, ಡಾಕ್ಟರ್ ಶೇಷಗಿರಿಯವರನ್ನು ಆರಿಸಲಾಯಿತು. ಸೂಚಿಸಿದವರು: ಮುನಿರಾಜು.'

ಮರೆತೇಹೋಗಿತ್ತು. ವೀರಣ್ಣ ಗದಗಿನ ಕಡೆಯವರು, ಎಲ್ ಕಮೀನೊ ರಸ್ತೆಯಲ್ಲಿ ದಿನಸಿ ಅಂಗಡಿ. ಆವತ್ತು ಅಂಗಡಿ ಬಿಟ್ಟು ಸಭೆಗೆ ಬರಲಾಗಿರಲಿಲ್ಲ. ಡಾಕ್ಟರನ್ನು ಖುಷಿಪಡಿಸಿದರೆ ಉಪಾಧ್ಯಕ್ಷತೆ ತನಗೆ ಬರುತ್ತದೆಂದು ಲೆಕ್ಕ ಹಾಕಿದ್ದು ಈಗ ನೆನಪಾಯಿತು. ಮರುವರ್ಷ ಬಂದೂ ಇತ್ತು. ಆದರೆ ಅಲ್ಲಿಂದೀಚೆಗೆ ಅಧ್ಯಕ್ಷರಾದವರೆಲ್ಲ ದೊಡ್ಡ ಓದು ಓದಿದವರೇ. ಐದು ವರ್ಷದಿಂದ ತನ್ನ ದಾರಿಗೆ ಯಾರು ಕಲ್ಲು ಇಟ್ಟರು ಎಂದು ಹುಡುಕುತ್ತಿದ್ದನಲ್ಲ, ಕಲ್ಲಿನ ಮೇಲೆ ತನ್ನದೇ ರುಜು.

ಎದ್ದು ಹೋಗಿ ಡ್ರಾಯರು ತಡಕಾಡಿದ.

"ಏನು ಹುಡುಕ್ತಿದೀರಿ?" ಪ್ರಭಾ ಕೇಳಿದಳು.

"ಬ್ಲೇಡು. ಗಡ್ಡಕ್ಕೆ."

"ಬೆಳಿಗ್ಗೆ ತಾನೆ ಮಾಡ್ಕೊಂಡ್ರಿ?"

"ನಾಳೇಗೆ."

ಬ್ಲೇಡು ಹಿಡಿದು ಪುಸ್ತಕದ ಮುಂದೆ ಕೂತ. ಆತ್ಮಸಾಕ್ಷಿ ಬಂದು ಕೈ ಹಿಡಿಯಿತು ಎಂದು ಹೇಳಬಹುದಿತ್ತು, ಹಾಗಾಗಲಿಲ್ಲ. ನಡುವೆ ದಾರ ಹಾಕಿ ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕತ್ತರಿಸಿದರೆ ಅದರ ಜೋಡಿ ಹಾಳೆಯೂ ಕಳಚಿಕೊಳ್ಳುತ್ತದೆ. ಆ ಜೋಡಿ ಹಾಳೆಯ ಮೇಲೆ ಮುನಿರಾಜು ಉಪಾಧ್ಯಕ್ಷನಾದ ದಾಖಲೆ ಇತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಆ ಪುಟ ಓದದೆ ಹಾರಿಸಿಬಿಟ್ಟರಾಯಿತು, ಯಾರು ಕೇಳುತ್ತಾರೆ ಎಂದುಕೊಂಡ.

ಮರುದಿನ ಅಲ್ಲಿನ ಒಂದು ಶಾಲೆಯ ಊಟದ ಹಜಾರದಲ್ಲಿ ನಲವತ್ತೇಳು ಜನ ಸೇರಿದ್ದರು. ಮುನಿರಾಜು ಎದ್ದು ನಿಂತು ಎಪ್ಪತ್ತೊಂಬತ್ತು, ಎಂಬತ್ತು, ಎಂಬತ್ತೊಂದು ಓದಿದ. "ಇದು ನಮ್ಮ ಪದ್ಧತಿ," ಎಂದು ಪುಸ್ತಕ ಮುಚ್ಚಿದ. ಯಾರೂ ಏನೂ ಕೇಳಲಿಲ್ಲ. ಶ್ರೀಕಂಠನೇ, "ಹಾಗಿದ್ರೆ ಸಾರ್ ಆಗೋದೇ ಸರಿ," ಅಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು. ನೋಡಿದರೆ ವೀರಣ್ಣ. ಈ ಸಲ ಅಂಗಡಿಯನ್ನು ಹೆಂಡತಿ ಬಂಗಾರೆವ್ವನಿಗೆ ಬಿಟ್ಟು ಬಂದಿದ್ದರು. ಎರಡೂ ಕೈ ತಲೆಯ ಮೇಲೆ ಎತ್ತಿ ತಟ್ಟುತ್ತಿದ್ದರು.

ಚಪ್ಪಾಳೆ ನಿಲ್ಲುವವರೆಗೆ ಮುನಿರಾಜು ನಿಂತೇ ಇದ್ದ. ಆಮೇಲೆ ಪುಸ್ತಕ ಮತ್ತೆ ತೆರೆದ.

"ಒಂದು ಪುಟ ಬಿಟ್ಟಿದ್ದೆ," ಎಂದು ಎಂಬತ್ತೆರಡನ್ನು ಓದಿದ. 'ಸೂಚಿಸಿದವರು' ಎಂದು ತನ್ನ ಹೆಸರನ್ನೂ ಓದಿದ. "ಈ ತೀರ್ಮಾನ ತಪ್ಪು, ತೆಗೆದುಹಾಕಿ. ನ್ಯಾಯವಾಗಿ ವೀರಣ್ಣೋರಿಗೆ ಬರ್ಬೇಕಾಗಿದ್ದ ಕುರ್ಚಿ ಇದು. ಅವ್ರಿಗೇ ಕೊಡಿ."

ಎಲ್ಲರೂ ಹಿಂದಿನ ಸಾಲಿನ ಕಡೆ ತಿರುಗಿದರು. ವೀರಣ್ಣ ಎದ್ದರು. "ಅದು ನೀವೇನ್ರೀ ಮುನಿರಾಜ? ನಾ ಆರು ವರ್ಷದಿಂದ ಡಾಕ್ಟರ ಮಾಡ್ಸಿದ್ದು ಅಂತ ತಿಳಕೊಂಡು ಅವರಿಗೆ ಹಳೇ ತೊಗರಿಬ್ಯಾಳಿ ಕೊಡಾಕ ಹತ್ತೀನಲ್ರೀ!"

ಮುಂದಿನ ಸಾಲಿನಿಂದ ಡಾಕ್ಟರ್ ಶೇಷಗಿರಿ ಗಿರಕ್ಕನೆ ತಿರುಗಿದರು. "ಅದಕ್ಕೇನ್ರೀ ಕುಕ್ಕರು ಎಷ್ಟು ಕೂಗಿದ್ರೂ ನಮ್ಮನೇಲಿ ಬೇಳೆ ಬೇಯ್ತಿರ್ಲಿಲ್ಲ!"

ಜನ ಹೊಟ್ಟೆ ಹಿಡಿದು ನಕ್ಕರು. ಮುನಿರಾಜು ಎಲ್ಲಿ ನೋಡಬೇಕೋ ತಿಳಿಯದೆ ಬೂಟು ನೋಡಿಕೊಂಡ.

"ಕುರ್ಚಿ ನನಗ ಬ್ಯಾಡ್ರೀ," ಅಂದರು ವೀರಣ್ಣ. "ಐತವಾರ ಅಂಗಡಿ ಇರ್ತದ. ಪದ್ಧತಿ ಗಿದ್ಧತಿ ಬಿಟ್ಟು ಓಟು ಹಾಕ್ರಿ."

ಚೀಟಿ ಹರಿದು ಹಂಚಿದರು. ಶ್ರೀಕಂಠನಿಗೆ ಇಪ್ಪತ್ನಾಲ್ಕು, ಮುನಿರಾಜುವಿಗೆ ಇಪ್ಪತ್ಮೂರು. ಉಪಾಧ್ಯಕ್ಷ ಸ್ಥಾನಕ್ಕೆ ಯಾರೂ ನಿಲ್ಲಲಿಲ್ಲ. ಅದು ಯಾರಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಊಟ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ವೀರಣ್ಣ ಬಿಸಿಬೇಳೆಭಾತಿನ ದೊಡ್ಡ ಪಾತ್ರೆಯ ಒಂದು ಕಿವಿ ಹಿಡಿದು ನಿಂತಿದ್ದರು. ಮುನಿರಾಜು ತಪ್ಪಿಸಿಕೊಂಡು ಕಾರಿನ ಕಡೆ ಹೊರಟಿದ್ದ.

"ಏ ಮುನಿರಾಜ, ಬರ್ರಿಲ್ಲೆ. ನಿಮ್ಮನ್ನ ಸೋಲಿಸಿದ ಆ ಒಂದು ಓಟು ನಂದ, ತಿಳೀತಿಲ್ಲೋ?"

"ತಿಳೀತು."

"ಸಿಟ್ಟು ಬಂತೇನು?"

ಮುನಿರಾಜು ಕಾರಿನ ಬೀಗದಕೈ ಜೇಬಿಗಿಳಿಸಿದ. "ಬಂತು. ತುಂಬಾ ಬಂತು."

"ಬರಲಿ. ನನಗೂ ಆರು ವರ್ಷ ಬಂದಿತ್ತು, ತಪ್ಪು ಮನಷಾನ ಮ್ಯಾಲೆ. ಹಿಡೀರಿ ಆ ಕಡೆ."

ಮುನಿರಾಜು ಪಾತ್ರೆಯ ಇನ್ನೊಂದು ಕಿವಿ ಹಿಡಿದ. ತಳದಲ್ಲಿ ಇನ್ನೂ ಅರ್ಧ ಉಳಿದಿತ್ತು, ಭಾರವಿತ್ತು. ಇಬ್ಬರೂ ಏದುಸಿರು ಬಿಡುತ್ತ, "ನಿಧಾನ, ನಿಧಾನ" ಎಂದು ಒಬ್ಬರನ್ನೊಬ್ಬರು ಗದರಿಕೊಳ್ಳುತ್ತ, ಅದನ್ನು ವೀರಣ್ಣನ ವ್ಯಾನಿಗೆ ಏರಿಸಿದರು.