ಅಳತೆ ಬೇಡದ ಕೆಲಸ

"ಎಡಕ್ಕೆ ವಾಲಿಸಿ ಸಾರ್. ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ."

ಶವವಾಹನದ ಡ್ರೈವರ್ ಪೆಟ್ಟಿಗೆಯ ಮುಂಭಾಗ ಹಿಡಿದು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತಿದ್ದ. ಇನ್ನೊಂದು ತುದಿ ಸತ್ತವರ ತಮ್ಮನ ಕೈಯಲ್ಲಿತ್ತು. ನಡುವೆ ಅಳಿಯ ಕೈ ಆನಿಸಿದ್ದ. ಮಲಗುವ ಕೋಣೆಯಿಂದ ಹಾಲಿಗೆ ಬರೀ ಎಂಟು ಹೆಜ್ಜೆಯ ಪ್ಯಾಸೇಜು. ಮೂರನೆಯ ಹೆಜ್ಜೆಗೆ ಪೆಟ್ಟಿಗೆಯ ಮೂಲೆ ಅಲ್ಲಿ ನಿಂತಿದ್ದ ಮರದ ಬೀರುವಿಗೆ ಗರಕ್ಕೆಂದು ಉಜ್ಜಿ ಸಿಕ್ಕಿಕೊಂಡಿತು. ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಎಳೆದರೆ ಬಾಗಿಲ ಚೌಕಟ್ಟಿಗೆ ತಗುಲಿತು.

"ಇಳಿಸಿ, ಇಳಿಸಿ. ಕೈ ಸೋಲ್ತಿದೆ."

ಹೇಗೋ ಹಿಂದಕ್ಕೆ ಜರುಗಿಸಿ ಮತ್ತೆ ಮಂಚದ ಮೇಲೆಯೇ ಇಟ್ಟರು. ತಮ್ಮ ತನ್ನ ಶರಟು ನೋಡಿಕೊಂಡ. ಎದೆಯಿಂದ ಹೊಟ್ಟೆಯವರೆಗೆ ಬೀರುವಿನ ತಿಳಿ ಹಸಿರು ಬಣ್ಣ. ಒದರಿದ, ಹೋಗಲಿಲ್ಲ. ಅಂಗೈಯಿಂದ ಒರೆಸಿದ, ಅಂಗೈಗೂ ಹತ್ತಿತು.

"ಇದಿನ್ನೂ ಒಣಗೇ ಇಲ್ವಾ ಅತ್ತಿಗೆ?"

"ಒಣಗಿದೆ. ಮೇಣ ತಿಕ್ಕಿಲ್ಲ," ಎಂದಳು ಸತ್ತವರ ಹೆಂಡತಿ. ಆಕೆ ಬೀರುವಿನ ಆಚೆ, ಹಾಲಿನ ಕಡೆ ನಿಂತಿದ್ದಳು. "ಇದು ಸೀಮೆಸುಣ್ಣದ ಬಣ್ಣ. ಮೇಣ ತಿಕ್ಕೋ ತನಕ ಮುಟ್ಟಿದವರಿಗೆಲ್ಲ ಅಂಟುತ್ತೆ."

"ಪೆಟ್ಟಿಗೆ ಒಳಗೆ ಹೇಗೆ ಹೋಯ್ತು ಮತ್ತೆ?" ಎಂದು ಮಗಳು ಕೇಳಿದಳು.

"ಆಗ ಖಾಲಿ ಇತ್ತಮ್ಮ," ಎಂದ ಡ್ರೈವರ್. "ನೆಟ್ಟಗೆ ನಿಲ್ಲಿಸ್ಕೊಂಡು ತಂದ್ವಿ. ಈಗ ನಿಲ್ಲಿಸೋಕಾಗುತ್ತಾ?" ಗಡಿಯಾರ ನೋಡಿದ. "ಹನ್ನೊಂದೂವರೆಗೆ ನಮ್ಮ ಸರದಿ. ತಪ್ಪಿದ್ರೆ ಸೋಮವಾರವೇ. ಸ್ಮಶಾನದ ಆಫೀಸಿನವರು ನನ್ನ ಮಾತು ಕೇಳಲ್ಲ."

ಬೀರುವನ್ನೇ ಹಾಲಿಗೆ ತಳ್ಳೋಣವೆಂದು ಅಳಿಯ ಹೆಗಲು ಕೊಟ್ಟ. ಅದು ಹಾಲಿನ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿತ್ತು. ಕೋಣೆಯ ಬಾಗಿಲಿಗಿಂತ ಆರು ಬೆರಳು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎರಡು ಬಾಗಿಲುಗಳ ನಡುವೆ ಅಲ್ಲೇ ಹುಟ್ಟಿ ಬೆಳೆದಂತೆ ನಿಂತಿತ್ತು.

ತಮ್ಮ ಸೊಂಟದ ಮೇಲೆ ಕೈಯಿಟ್ಟು ಅದನ್ನು ಮೇಲಿಂದ ಕೆಳಗೆ ನೋಡಿದ. "ನಲವತ್ತು ವರ್ಷ ಊರವರ ಅಳತೆಯೆಲ್ಲ ತೆಗೆದ ನಮ್ಮಣ್ಣ. ಸ್ವಂತ ಮನೆ ಬಾಗಿಲಿನ ಅಳತೆ ತೆಗೆಯೋಕೆ ಏನಾಗಿತ್ತು ಇವನಿಗೆ?"

ಉತ್ತರ ಗೊತ್ತಿದ್ದವಳು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು.

*

ಬೀದಿಯಲ್ಲಿ ಅವರಿಗೆ ಇಂಚು ಮಾಸ್ತರು ಎಂದು ಹೆಸರು. ಟೇಪು ಸದಾ ಕೊರಳಲ್ಲೇ. ಅಂಗಡಿಗೆ ಬಂದವರು ನಮಸ್ಕಾರ ಹೇಳುವುದರೊಳಗೆ ಅವರ ಸೊಂಟ ಎಷ್ಟು, ಯಾವ ಭುಜ ತಗ್ಗು ಎಂದು ಕಣ್ಣಲ್ಲೇ ಅಳೆದು ಮುಗಿಸಿರುತ್ತಿದ್ದರು. "ಹೊಟ್ಟೆ ಒಳಗೆ ಎಳ್ಕೋಬೇಡಿ, ಪ್ಯಾಂಟು ನಿಮ್ಮ ಸುಳ್ಳಿಗೆ ಹೊಲಿಯೋಕಾಗಲ್ಲ," ಎನ್ನುವುದು ಅವರ ಒಂದೇ ಒಂದು ತಮಾಷೆ. ಅದನ್ನೇ ನಲವತ್ತು ವರ್ಷ ಹೇಳಿದರು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಇಸ್ತ್ರಿ ಹಾಕುವಾಗ, ಬ್ಯಾಂಕಿನ ಗುಮಾಸ್ತರ ಹೊಸ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಒಂದು ಬೆರಳು ಗಿಡ್ಡವಾಗಿರುವುದು ಹೆಂಡತಿಯ ಕಣ್ಣಿಗೆ ಬಿತ್ತು. ಎರಡು ಸಲ ಮಡಚಿ ನೋಡಿದಳು. ಮಾಸ್ತರು ಊಟ ಮಾಡಿ ಮಲಗಿದಾಗ ಮಡಿಕೆ ಬಿಚ್ಚಿ ಸರಿಮಾಡಿ ಇಟ್ಟಳು. ಹದಿನೈದು ದಿನದಲ್ಲಿ ಇನ್ನೊಂದು. ಆಮೇಲೆ ವಾರಕ್ಕೊಂದು. ಮಧ್ಯಾಹ್ನದ ನಿದ್ದೆಯ ಹೊತ್ತು ಆಕೆಗೆ ಬಿಚ್ಚುವ ಹೊತ್ತಾಯಿತು. ಮಾಸ್ತರಿಗೆ ಅದು ಗೊತ್ತಿತ್ತೋ ಇಲ್ಲವೋ. ಹೊಲಿದದ್ದನ್ನು ಮೇಜಿನ ಮೇಲೆ ಬಿಟ್ಟು ಮಲಗಲು ಹೋಗುತ್ತಿದ್ದರು, ಎದ್ದು ಬಂದು ಏನೂ ಕೇಳುತ್ತಿರಲಿಲ್ಲ.

ಕಣ್ಣಿನ ಡಾಕ್ಟರು ಎರಡು ಸಲ ದೀಪ ಹಾಕಿ ನೋಡಿ, ಇದು ನಿಧಾನಕ್ಕೆ ಹೋಗುತ್ತೆ, ವಾಪಸು ಬರಲ್ಲ ಎಂದರು. ಹೊರಗೆ ಬಂದು ಬಸ್ಸು ಕಾಯುವಾಗ ಮಾಸ್ತರು ಹೇಳಿದ್ದು ಇಷ್ಟೆ: "ಮಗಳಿಗೆ ಹೇಳ್ಬೇಡ. ತಮ್ಮನಿಗಂತೂ ಹೇಳ್ಲೇಬೇಡ. ಟೈಲರು ಕುರುಡ ಅಂದ್ರೆ ಜನ ನಗ್ತಾರೆ."

ಹೋದ ವರ್ಷ ಒಬ್ಬ ಗಿರಾಕಿಯ ದುಬಾರಿ ಬಟ್ಟೆಗೆ ಕತ್ತರಿ ತಪ್ಪು ಜಾಗದಲ್ಲಿ ಬಿತ್ತು. ಅದನ್ನು ಸರಿಮಾಡಲು ಯಾವ ಹೆಂಡತಿಯಿಂದಲೂ ಸಾಧ್ಯವಿರಲಿಲ್ಲ. "ಸಾಕು ಬಿಡಿ, ಇನ್ನು ಹೊಲೀಬೇಡಿ," ಎಂದಳು. ಮಾಸ್ತರು ಕತ್ತರಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಪಾಟಿಗೆ ಹಾಕಿದರು. ಹನ್ನೆರಡು ದಿನ ಮಾತಾಡಲಿಲ್ಲ. ಆಕೆ ಎಣಿಸಿದ್ದಳು.

ಹದಿಮೂರನೆಯ ದಿನ ಯಾರೋ ಬೀದಿಗೆಸೆದ ಕುರ್ಚಿಯೊಂದನ್ನು ಹೊತ್ತು ತಂದರು. ಬಟ್ಟೆಗೆ ಗುರುತು ಹಾಕಿ ಉಳಿದಿದ್ದ ಸೀಮೆಸುಣ್ಣದ ಎರಡು ಡಬ್ಬಿಯನ್ನು ಒರಳಲ್ಲಿ ಕುಟ್ಟಿ ಪುಡಿಮಾಡಿ, ನೀರಲ್ಲಿ ಕಲೆಸಿ, ಗೋಡೆಗೆ ಬಳಿದು ಮಿಕ್ಕಿದ್ದ ಬಣ್ಣಕ್ಕೆ ಸೇರಿಸಿದರು. ಹೀಗೆ ಬಣ್ಣ ಮಾಡುವುದನ್ನು ಮಗಳು ಯಾವತ್ತೋ ಫೋನಿನಲ್ಲಿ ತೋರಿಸಿದ್ದಳಂತೆ. ಹಳೇ ವಾರ್ನಿಷ್ ಕೆರೆಯುವುದು ಬೇಡ, ಹಾಗೇ ಬಳಿದರೆ ಹಿಡಿದುಕೊಳ್ಳುತ್ತೆ. ಎರಡು ಕೈ ಬಳಿದು, ಅಂಚಿಗೆ ಉಪ್ಪುಕಾಗದ ತಿಕ್ಕಿ ಅಲ್ಲಲ್ಲಿ ಮರ ಕಾಣಿಸಿ, ಕೊನೆಗೆ ಕೋಟಿನ ಲೈನಿಂಗ್ ಬಟ್ಟೆಯಿಂದ ಮೇಣ ತಿಕ್ಕಿದರು.

"ಇದಕ್ಕೆ ಅಳತೆ ಬೇಡ ಕಣೇ," ಎಂದರು ಆ ಸಂಜೆ. "ಗೆರೆ ಸೊಟ್ಟ ಆದ್ರೆ ಅದೇ ಚೆಂದ ಅಂತಾರೆ."

ಮಾತು ವಾಪಸು ಬಂತಲ್ಲ ಎಂದು ಆಕೆಗೆ ಮೊದಲ ತಿಂಗಳು ಸಮಾಧಾನವಿತ್ತು. ಎರಡನೆಯ ತಿಂಗಳಿಂದ, ಹಳೇ ಕುರ್ಚಿ ಸ್ಟೂಲುಗಳಿಗೆ ಬಣ್ಣ ಬಳಿದು ಮಾರುವುದು ಹೆಚ್ಚಿದಂತೆ, ತಲೆ ಚಿಟ್ಟು ಹಿಡಿಯಿತು. ಕಾಫಿ ಲೋಟದಲ್ಲಿ ಸುಣ್ಣದ ಧೂಳು, ದಿಂಬಿನ ಮೇಲೆ ಧೂಳು, ಕೆಮ್ಮಿದರೆ ಧೂಳು. ನೆಂಟರು ಬಂದರೆ ಕೂರುವ ಮುಂಚೆ ಕುರ್ಚಿ ಒಣಗಿದೆಯಾ ಎಂದು ಕೇಳಬೇಕು. ಮಾಸ್ತರಿಗೆ ಕಾಣದೆ ಬಿಟ್ಟುಹೋದ ಜಾಗಗಳನ್ನು ಆಕೆ ತೋರಿಸಿದರೆ, "ಆ ಹುಡುಗಿ ನಿನ್ನೆ ಸ್ಟೂಲು ಕೊಂಡ್ಕೊಂಡ್ಳಲ್ಲ, ಬಿಟ್ಟುಹೋದ ಜಾಗಾನೇ ಚೆನ್ನಾಗಿದೆ ಅಂದ್ಳು," ಎನ್ನುತ್ತಿದ್ದರು. ಜೀವಮಾನವೆಲ್ಲ ಕಸೂತಿಯಂಥ ಹೊಲಿಗೆ ಹಾಕಿದ ಗಂಡ ಈಗ ತಪ್ಪಿಗೆ ಶಭಾಸ್ ಅನ್ನಿಸಿಕೊಂಡು ಖುಷಿಪಡುವುದನ್ನು ಆಕೆಗೆ ಸಹಿಸಲಾಗುತ್ತಿರಲಿಲ್ಲ. ಅದನ್ನು ಹೇಳಲು ಬಾರದೆ ಧೂಳಿನ ಮೇಲೆ ರೇಗುತ್ತಿದ್ದಳು.

*

"ಒಂದು ದಾರಿ ಇದೆ ಅಮ್ಮ," ಎಂದ ಡ್ರೈವರ್, ತಗ್ಗಿದ ದನಿಯಲ್ಲಿ. "ಪೆಟ್ಟಿಗೆಯಿಂದ ಹೊರಗೆ ತೆಗೆದು, ದುಪ್ಪಟಿಯಲ್ಲಿ ಸುತ್ತಿ, ಓರೆಯಾಗಿ ಹಿಡ್ಕೊಂಡು ಈ ಸಂದಿಯಲ್ಲಿ ದಾಟಿಸಿಬಿಡೋಣ. ಹಾಲಲ್ಲಿ ಮತ್ತೆ ಒಳಗೆ ಮಲಗಿಸಿದ್ರಾಯ್ತು."

"ಬೇಡ."

"ಎರಡು ನಿಮಿಷದ ಕೆಲಸ."

"ಬೇಡ ಅಂದೆ. ಬೆಳಿಗ್ಗೆ ನಾನೇ ಬಟ್ಟೆ ಹಾಕಿದ್ದೀನಿ. ಮೂಟೆ ತರ ತುರುಕಿಕೊಂಡು ಹೋಗೋಕೆ ಬಿಡಲ್ಲ."

ತಮ್ಮ ಮಂಡಿಯೂರಿ ಬೀರುವಿನ ಬೆನ್ನು ತಡಕಿದ. "ಬಿಚ್ಚೋಣ ಅಂದ್ರೆ ಒಂದು ಸ್ಕ್ರೂ ಕೂಡ ಇಲ್ಲ. ಬರೀ ಮೊಳೆ, ಅಂಟು. ಯಾವನು ಬೀರುಗೆ ಹೀಗೆ ಮೊಳೆ ಹೊಡೀತಾನೆ? ಒಳಗಿಂದ ಹೊರಗಿಂದ ಎಲ್ಲ ಕಡೆ."

ಸ್ಕ್ರೂವಿನ ತಲೆಯಲ್ಲಿರುವ ಸಣ್ಣ ಸೀಳು ಕಾಣಿಸದವನು, ಎಂದು ಹೆಂಡತಿಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

*

ಬೀರು ಬಂದು ಹತ್ತು ದಿನವಾಗಿತ್ತು. ಹಲಗೆ ಹಲಗೆಯಾಗಿ ಆಟೋದಲ್ಲಿ ಬಂದದ್ದನ್ನು, ಬೇರೆಲ್ಲೂ ಜಾಗವಿಲ್ಲದೆ, ಮಾಸ್ತರು ಪ್ಯಾಸೇಜಿನಲ್ಲೇ ಜೋಡಿಸಿದರು. ಆಕೆ ಸಂತೆಯಿಂದ ಬರುವಷ್ಟರಲ್ಲಿ ಅದು ಎದ್ದು ನಿಂತಿತ್ತು.

"ಇದನ್ನ ಹೊರಗೆ ಹೇಗೆ ತೆಗೀತೀರಿ?"

ಮಾಸ್ತರು ಟೇಪು ತಂದು ಬೀರುವಿಗೆ ಹಿಡಿದರು, ಬಾಗಿಲಿಗೆ ಹಿಡಿದರು. ಟೇಪನ್ನು ಮೂಗಿನ ಹತ್ತಿರ ತಂದು ಓದಿದರು. ಮತ್ತೆ ಹಿಡಿದರು. ಆಕೆಗೆ ಅಲ್ಲಿ ನಿಂತು ನೋಡಲಾಗಲಿಲ್ಲ. ನೋಡಲಾಗದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಒಂದು ಮಾತು ನನ್ನ ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ಕಣ್ಣು ಇಲ್ವಾ? ನಾನು ಓದಿ ಹೇಳ್ತಿರಲಿಲ್ವಾ?"

"ತೆಗೀತೀನಿ ಬಿಡು," ಎಂದರು ಮಾಸ್ತರು. "ಮಗಳು ಆಸೆಪಟ್ಟು ಕೇಳಿದ್ದು. ಬಣ್ಣ ಆಗ್ಲಿ. ಆಮೇಲೆ ನೋಡೋಣ."

ಆಮೇಲಿನ ದಿನಗಳಲ್ಲಿ ಬೀರುವಿನ ಪಕ್ಕ ಮೈ ಓರೆಮಾಡಿ ದಾಟುವಾಗೆಲ್ಲ ಆಕೆ ಏನಾದರೊಂದು ಅನ್ನದೆ ಇರುತ್ತಿರಲಿಲ್ಲ. ಗುರುವಾರ ಊಟಕ್ಕೆ ಕರೆದಾಗ, "ಕೈ ಸರಿಯಾಗಿ ತೊಳ್ಕೊಳ್ಳಿ, ಅನ್ನವೆಲ್ಲ ಹಸಿರಾಗುತ್ತೆ," ಎಂದಿದ್ದಳು. ಅವರು ತೊಳೆದುಕೊಂಡು ಬಂದು, ಉಂಡು, ಮಲಗಿದರು. ನಾಲ್ಕು ಗಂಟೆಗೆ ಕಾಫಿ ತಂದು ಕರೆದಾಗ ಏಳಲಿಲ್ಲ. ಉಗುರಿನ ಸಂದಿಯಲ್ಲಿ ಹಸಿರು ಹಾಗೇ ಇತ್ತು.

*

ಪಕ್ಕದ ಮನೆಯಿಂದ ಅಳಿಯ ಗರಗಸ ತಂದ. ಮಗಳು ಬೀರುವಿಗೆ ಬೆನ್ನು ಕೊಟ್ಟು ನಿಂತಳು.

"ಅಮ್ಮ, ಇದು ಅಪ್ಪ ಕೊನೇಲಿ ಮಾಡಿದ್ದು. ನಂಗೋಸ್ಕರ ಮಾಡಿದ್ದು. ಕೊಯ್ಯೋಕೆ ಹೇಗೆ ಮನಸ್ಸು ಬರುತ್ತೆ ನಿಂಗೆ?"

"ಬೆನ್ನು ಹಸಿರಾಗುತ್ತೆ, ಈಚೆ ಬಾ."

"ಆಗ್ಲಿ."

"ಹಾಗಾದ್ರೆ ಏನು ಮಾಡೋಣ ಹೇಳು. ಬೀರು ಇಟ್ಕೊಂಡು ಅಪ್ಪನ್ನ ಸೋಮವಾರದ ತನಕ ಇಲ್ಲೇ ಇಟ್ಕೊಳ್ಳೋಣವಾ?"

ಮಗಳು ಅಳುತ್ತ ಪಕ್ಕಕ್ಕೆ ಸರಿದಳು. ಬೆನ್ನ ತುಂಬ ಹಸಿರು. ಅಳಿಯ ಗರಗಸವನ್ನು ಬೀರುವಿನ ತಲೆಯ ಮೇಲಿಟ್ಟು, ಎಲ್ಲಿ ಕೊಯ್ಯುವುದೆಂದು ತಿಳಿಯದೆ, ಅತ್ತೆಯ ಮುಖ ನೋಡಿದ.

"ಹುಚ್ಚಲ್ವಾ ಇದು," ಎಂದ ತಮ್ಮ, ಯಾರಿಗೂ ಅಲ್ಲದಂತೆ. "ಹೊಲಿಯೋದು ಬಿಟ್ಟ ಮೇಲೆ ಅಣ್ಣನಿಗೆ ತಲೆ ನೆಟ್ಟಗಿರಲಿಲ್ಲ. ಒಂದು ಟೇಪು ಹಿಡಿದು ನೋಡಿದ್ರೆ ಈ ಅವಾಂತರ ಯಾಕೆ ಆಗ್ತಿತ್ತು?"

"ಹಿಡಿದು ನೋಡಿದ್ರು," ಎಂದಳು ಆಕೆ. "ಬಾಗಿಲು ಎಷ್ಟಗಲ ಅಂತ ನನ್ನ ಕೇಳಿದ್ರು. ನಾನು ಅಡುಗೆ ಗಡಿಬಿಡೀಲಿ ತಪ್ಪು ಓದಿ ಹೇಳಿದೆ. ತಪ್ಪು ನಂದು. ಅವರ ಅಳತೆ ಯಾವತ್ತೂ ತಪ್ಪಿಲ್ಲ."

ಮೈದುನ ಆಕೆಯನ್ನು ನೋಡಿದ. "ಹಾಗಾದ್ರೆ ಸರಿ ಅತ್ತಿಗೆ," ಎಂದ. ಆಮೇಲೆ ಆ ವಿಷಯ ಎತ್ತಲಿಲ್ಲ.

ಆಕೆ ಅಳಿಯನ ಕೈಯಿಂದ ಗರಗಸ ತೆಗೆದುಕೊಂಡು, ಬೀರುವಿನ ನಡುಮಧ್ಯಕ್ಕೆ ಹೆಬ್ಬೆರಳು ಇಟ್ಟು, ಮೊದಲ ಎಳೆತ ತಾನೇ ಎಳೆದಳು. ಹಲ್ಲು ಜಾರಿತು. ಎರಡನೆಯ ಎಳೆತಕ್ಕೆ ಕಚ್ಚಿತು. ಹಸಿರು ಪುಡಿ ಉದುರಿತು, ಅದರಡಿಯಿಂದ ಕಂದು ವಾರ್ನಿಷ್, ಅದರಡಿಯಿಂದ ಬಿಳಿ ಮರ. ನಾಲ್ಕು ಎಳೆತಕ್ಕೆ ರಟ್ಟೆ ಸೋತಿತು. ಉಳಿದದ್ದನ್ನು ಗಂಡಸರು ಸರದಿಯಲ್ಲಿ ಕೊಯ್ದರು. ಗರಗಸ ಮೊಳೆಗೆ ಸಿಕ್ಕಿದಾಗಲೆಲ್ಲ ಡ್ರೈವರ್ ಗಡಿಯಾರ ನೋಡುತ್ತಿದ್ದ. ಇಪ್ಪತ್ತೈದು ನಿಮಿಷಕ್ಕೆ ಬೀರು ಎರಡು ಹೋಳಾಗಿ ಅಂಗಳಕ್ಕೆ ಬಂತು. ಪೆಟ್ಟಿಗೆ ಎಂಟು ಹೆಜ್ಜೆಯಲ್ಲಿ, ಎಲ್ಲೂ ತಾಗದೆ, ಹಾಲು ಸೇರಿತು.

"ಮುಗೀತಾ?" ಎಂದು ಮಗಳು ಕೇಳಿದಳು. ಡ್ರೈವರ್ ಆಗಲೇ ವಾಹನದ ಬಾಗಿಲು ತೆಗೆಯಲು ಓಡಿದ್ದ.

*

ಸ್ಮಶಾನದ ಗೇಟು ತಲುಪಿದಾಗ ಹನ್ನೊಂದೂ ನಲವತ್ತು. ಆಫೀಸಿನವನು ಮುಖ ಗಂಟಿಕ್ಕಿಕೊಂಡೇ ಚೀಟಿ ಕೊಟ್ಟ. ಹಸಿರಾದ ಶರಟು ಕಾಣಬಾರದೆಂದು ತಮ್ಮನೂ ಅಳಿಯನೂ ಕಾರಿನಲ್ಲಿಟ್ಟಿದ್ದ ಕೋಟು ತೆಗೆದು ಹಾಕಿಕೊಂಡರು. ಬೀದಿಯ ಗಂಡಸರು ಆಗಲೇ ಕೋಟು ಹಾಕಿಕೊಂಡು ಗುಂಡಿಯ ಬಳಿ ಕಾಯುತ್ತಿದ್ದರು: ಬ್ಯಾಂಕಿನ ಗುಮಾಸ್ತರು, ಔಷಧಿ ಅಂಗಡಿಯವನು, ಇನ್ನಿಬ್ಬರು. ಒಳ್ಳೆಯ ಕಾರ್ಯಕ್ಕೋ ಕೆಟ್ಟದ್ದಕ್ಕೋ ಎಂದು ವರ್ಷಕ್ಕೊಮ್ಮೆ ಹೊರಗೆ ಬರುವ ಕೋಟುಗಳು.

ಆರು ಜನ ಎರಡು ಬದಿಗೆ ನಿಂತು ಪೆಟ್ಟಿಗೆಯ ಅಡಿಯ ಪಟ್ಟಿಗಳನ್ನು ಹಿಡಿದರು. ಕೈಗಳು ಮುಂದಕ್ಕೆ ಚಾಚಿದವು.

ಆಕೆ ಮೊದಲು ನೋಡಿದ್ದು ಮೈದುನನ ಕೈಗಳನ್ನು. ಬಲಗೈಯ ಕೋಟಿನ ತೋಳು ಬೆರಳ ಗಂಟಿನವರೆಗೆ ಇಳಿದಿತ್ತು. ಎಡಗೈಯದು ಮಣಿಕಟ್ಟಿಗಿಂತ ಎರಡು ಬೆರಳು ಮೇಲೆಯೇ ನಿಂತಿತ್ತು. ಅಳಿಯನದು ನೋಡಿದಳು. ಅಲ್ಲೂ ಒಂದು ಉದ್ದ, ಒಂದು ಗಿಡ್ಡ. ಗುಮಾಸ್ತರದು. ಔಷಧಿ ಅಂಗಡಿಯವನದು. ಎರಡು ವರ್ಷದ ಹಿಂದೆ ಮೊಮ್ಮಗು ಹುಟ್ಟಿದಾಗ ಆಕೆ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದಳು. ಆಗ ಮಾಸ್ತರು ಹೊಲಿದ ಕೋಟುಗಳು. ಆಕೆಯ ಕೈಗೆ ಸಿಗದೆ ಹೋದವು. ವಾಪಸು ಬಂದ ದಿನ ಬಾಗಿಲಲ್ಲೇ ನಿಂತು, ಕೋಟು ತೊಟ್ಟವರು ಏನಂದರೆಂದು ಗಾಬರಿಯಿಂದ ಕೇಳಿದ್ದಳು. "ಯಾರೂ ಏನೂ ಅನ್ನಲಿಲ್ಲ ಕಣೇ," ಎಂದಿದ್ದರು ಮಾಸ್ತರು.

"ನಿಧಾನ," ಎಂದ ಡ್ರೈವರ್. "ಎಲ್ಲರೂ ಒಂದೇ ಸಮ."

ಅವರು ಪಟ್ಟಿ ಸಡಿಲಿಸುತ್ತ ಬಂದರು. ಪೆಟ್ಟಿಗೆ ಇಳಿದಂತೆ ತೋಳುಗಳು ಇನ್ನೂ ಮುಂದಕ್ಕೆ ಚಾಚಿದವು. ಗುಂಡಿಯ ಮೇಲೆ ಸಾಲಾಗಿ, ಪ್ರತಿಯೊಬ್ಬರದೂ ಒಂದು ಮಣಿಕಟ್ಟು ಮುಚ್ಚಿತ್ತು, ಒಂದು ತೆರೆದಿತ್ತು.